ಅಡ್ಡಪಟ್ಟಿಯ ಜುಲೇಖಾಬಿ

ಬೆಳಗಿನ ಐದೂಮುಕ್ಕಾಲು. ಕಲಘಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಆದರೆ ತಗಡು ಹೊದಿಸಿದ ಒಂದು ಅಂಗಡಿಯ ಶಟರ್ ಅರ್ಧ ಎತ್ತಿದೆ. ಒಳಗೆ ನಾಲ್ಕಡಿ ಉದ್ದದ ಗಾಜಿನ ಟ್ಯಾಂಕಿನ ಮುಂದೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಾರೆ. ಟ್ಯಾಂಕಿನ ತುಂಬ ನೀರಿದೆ, ಮೀನಿಲ್ಲ. ಮುಂದಿನ ಗಾಜಿನ ಎಡ ಅಂಚಿಗೊಂದು, ಬಲ ಅಂಚಿಗೊಂದು ಅಂಗಿಯ ಗುಂಡಿ ಅಂಟಿಸಿ, ಆ ಎರಡರ ಮೇಲೆ ಬಿಳಿ ದಾರವನ್ನು ಬಿಗಿಯಾಗಿ ಎಳೆದಿದ್ದಾರೆ. ಈಗ ಅದೇ ದಪ್ಪದ ಮೂರನೆಯ ಗುಂಡಿಯನ್ನು ನಟ್ಟನಡುವೆ, ದಾರಕ್ಕೂ ಗಾಜಿಗೂ ನಡುವಿನ ಸಂದಿಯಲ್ಲಿ ಮೆಲ್ಲಗೆ ತೂರಿಸುತ್ತಿದ್ದಾರೆ.

ಗುಂಡಿ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರುತ್ತದೆ. ದಾರ ಅಲುಗುವುದಿಲ್ಲ. ಹೆಂಗಸು ಉಸಿರು ಬಿಟ್ಟು ಎದ್ದು ನಿಲ್ಲುತ್ತಾರೆ.

"ಗುಂಡಿ ಹೊಂಟು ಹೋತಂದ್ರ ಗಾಜು ನೆಟ್ಟಗೈತಿ ಅಂತ ಲೆಕ್ಕರಿ. ಸಿಕ್ಕೊಂತಂದ್ರ ಗಾಜು ಹೊಟ್ಟಿ ಬಿಟ್ಟೈತಿ. ಹೊಟ್ಟಿ ಬಿಟ್ಟ ಗಾಜು ಇವತ್ತಲ್ಲ ನಾಳಿ ಹೆರಿಗಿ ಆಗೂದ," ಎಂದು ನಗುತ್ತಾರೆ.

ಇವರು ಜುಲೇಖಾಬಿ. ವಯಸ್ಸು ಐವತ್ತೆಂಟು. ಮೀನಿನ ಟ್ಯಾಂಕು ಕಟ್ಟುವುದು, ಸೋರುವ ಟ್ಯಾಂಕು ರಿಪೇರಿ ಮಾಡುವುದು ಇವರ ಉದ್ಯೋಗ. ಇಷ್ಟು ಬೆಳಗ್ಗೆ ಯಾಕೆ ಎಂದು ಕೇಳಿದರೆ ಎರಡು ಕಾರಣ ಹೇಳುತ್ತಾರೆ. ಬಸ್ಸುಗಳು ಹೊರಟರೆ ಓಣಿಯ ಧೂಳೆಲ್ಲ ಎದ್ದು ಹಸಿ ಅಂಟಿಗೆ ಕೂರುತ್ತದೆ. ಎರಡನೆಯದು, ಪೂರ್ವದ ಕಿಟಕಿಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ ಮಾತ್ರ ಸಿಲಿಕಾನ್ ಅಂಟಿನೊಳಗಿನ ಗಾಳಿಗುಳ್ಳೆ ಕಣ್ಣಿಗೆ ಬೀಳುತ್ತದೆ. ಸಾಸಿವೆಯಷ್ಟು ಗುಳ್ಳೆ ಕಂಡರೂ ಆ ಮೂಲೆಯನ್ನು ಬ್ಲೇಡಿನಿಂದ ಹೆರೆದು ಮತ್ತೆ ಅಂಟು ಹಾಕುತ್ತಾರೆ.

ಬರೆಯಬೇಕೆಂಬ ಆಸೆಯಿಂದ ನಾನು ಇವರನ್ನು ಹುಡುಕಿಕೊಂಡು ಹೋದವನಲ್ಲ. ನನ್ನ ದಡ್ಡತನವೇ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಎರಡಡಿಯ ಟ್ಯಾಂಕೊಂದಿದೆ. ಅದರ ಬಾಯಿಗಿದ್ದ ಕಪ್ಪು ಪ್ಲಾಸ್ಟಿಕ್ ಚೌಕಟ್ಟಿಗೆ ಬಿಳಿ ಉಪ್ಪು ಕಟ್ಟಿ ಅಸಹ್ಯವಾಗಿ ಕಾಣುತ್ತಿತ್ತು. ಒಂದು ಭಾನುವಾರ ಸ್ಕ್ರೂಡ್ರೈವರ್ ಹಾಕಿ ಮೀಟಿ ಅದನ್ನು ಕಿತ್ತೆಸೆದೆ. ಟ್ಯಾಂಕು ದೊಡ್ಡ ಹೋಟೆಲಿನದರಂತೆ ಕಂಡಿತು. ಮೂರನೆಯ ದಿನ ಮೂಲೆಯಿಂದ ನೀರು ಜಿನುಗತೊಡಗಿತು. ಹುಬ್ಬಳ್ಳಿಯ ಗಾಜಿನಂಗಡಿಯವರು "ಒಗದು ಹೊಸಾದು ತಗೋರಿ, ಇಲ್ಲಾಂದ್ರ ಕಲಘಟಗಿ ಜುಲೇಖಾಬಿ ಕಡೆ ಒಯ್ಯಿರಿ" ಅಂದರು.

ಜುಲೇಖಾಬಿ ಟ್ಯಾಂಕಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಚೌಕಟ್ಟು ಯಾರು ತಗದ್ರಿ?"

"ನಾನೇ."

"ಯಾಕ್ರಿ?"

"ಚಂದ ಕಾಣ್ಲಿ ಅಂತ."

"ನಿಮ್ಮ ಪಕ್ಕಡಿ ಎಲುಬು ತಗದ್ರ ನೀವೂ ತೆಳ್ಳಗ ಚಂದ ಕಾಣ್ತೀರಿ. ತಗಿಸ್ಕೋತೀರೇನ?"

ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅವರ ಗಂಡ ಇಲಿಯಾಸ್ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಬೇಕಾಯಿತು. ಆಮೇಲೆ ತಿಂಗಳಿಗೊಮ್ಮೆಯಾದರೂ ಆ ಅಂಗಡಿಗೆ ಹೋಗುವುದು ನನಗೆ ಅಭ್ಯಾಸವೇ ಆಗಿಹೋಯಿತು.

ಅಂಗಡಿ ಮೊದಲು ಇಲಿಯಾಸ್ ಸಾಹೇಬರದು. ಫೋಟೋಗಳಿಗೆ ಗಾಜು, ಚೌಕಟ್ಟು ಹಾಕುತ್ತಿದ್ದರು. "ಈ ತಾಲೂಕಿನ್ಯಾಗ ನಾ ಚೌಕಟ್ಟು ಹಾಕದ ದೇವರಿಲ್ರಿ. ಗಣಪ್ಪ, ಎಲ್ಲವ್ವ, ಸಿದ್ಧಾರೂಢರು, ಮಕ್ಕಾ ಮದೀನಾ, ಎಲ್ಲಾರೂ ಇದ ಟೇಬಲ್ ಮ್ಯಾಲ ಮಕ್ಕೊಂಡು ಹೋದವರ," ಎನ್ನುತ್ತಾರೆ. ಮೂವತ್ತೊಂದು ವರ್ಷದ ಹಿಂದೆ ಲಾರಿಯಿಂದ ಇಳಿಸುವಾಗ ಗಾಜಿನ ಹಾಳೆಯೊಂದು ಜಾರಿ ಅವರ ಬಲಗೈಯ ನರ ಕತ್ತರಿಸಿತು. ಗಾಯ ಮಾಯಿತು, ಹಿಡಿತ ಮರಳಲಿಲ್ಲ. ಆಗ ಜುಲೇಖಾಬಿಗೆ ಇಪ್ಪತ್ತೇಳು. ಮನೆಯಲ್ಲಿ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಅಂಗಡಿ ಮುಚ್ಚಿದರೆ ಒಲೆಯೂ ಆರುತ್ತಿತ್ತು. ಗಂಡ ಬಾಯಲ್ಲಿ ಹೇಳಿದಂತೆ ಹೆಂಡತಿ ಗಾಜು ಕೊಯ್ಯುವುದನ್ನು ಕಲಿತರು. ಮೊದಲ ತಿಂಗಳು ಕೊಯ್ದದ್ದು ಗಾಜಿಗಿಂತ ಬೆರಳೇ ಹೆಚ್ಚು.

"ಹೆಣಮಗಳು ಗಾಜು ಕೊಯ್ತಾಳ ಅಂತ ಮಂದಿ ನಿಂತು ನೋಡ್ತಿದ್ರು. ನೋಡ್ರಿ ಅಂತ ನಾನೂ ಸುಮ್ಮನ ಕೊಯ್ದೆ. ಅಗದಿ ಆರು ತಿಂಗಳಿಗೆ ಅವರಿಗೆ ಬ್ಯಾಸರಾತು, ನನಗ ಕೆಲಸ ಬಂತು," ಎನ್ನುತ್ತಾರೆ ಜುಲೇಖಾಬಿ. ಮೊಬೈಲು ಬಂದ ಮೇಲೆ ಫೋಟೋಗಳೆಲ್ಲ ಜೇಬಿನೊಳಗೇ ಉಳಿದವು, ಚೌಕಟ್ಟು ಕೇಳುವವರಿಲ್ಲದಾಯಿತು. ಆಗ ಯಾರೋ ಮೀನಿನ ಟ್ಯಾಂಕು ಮಾಡಿಕೊಡುತ್ತೀರಾ ಎಂದು ಕೇಳಿದರು. ಮಾಡಿಕೊಟ್ಟರು. ಇದುವರೆಗೆ ಕಟ್ಟಿದ್ದು ನಾಲ್ಕು ನೂರಕ್ಕೂ ಮೇಲೆ. ತಿಂಗಳಿಗೆ ಎರಡು ಮೂರು ಹೊಸದು, ವಾರಕ್ಕೆ ಐದಾರು ರಿಪೇರಿ. ದೊಡ್ಡ ಟ್ಯಾಂಕಾದರೆ ಅಂಟು ಒಣಗಲು ಮೂರು ದಿನ, ನೀರು ತುಂಬಿಸಿ ಕಾಯಲು ಎರಡು ದಿನ. ಗುಂಡಿ ಪಾಸು ಮಾಡದ ಟ್ಯಾಂಕು ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಮಾತು ಮಾತ್ರ ಇಲಿಯಾಸ್ ಸಾಹೇಬರ ಇಲಾಖೆ. ಗಿರಾಕಿ ಬಂದರೆ ಅವರು ಕತೆ ಶುರು ಮಾಡುತ್ತಾರೆ, ಕತೆ ಮುಗಿಯುವುದರೊಳಗೆ ಇವರು ಅಳತೆ ಮುಗಿಸಿರುತ್ತಾರೆ.

ಈಗ ಅಡ್ಡಪಟ್ಟಿಯ ವಿಚಾರ. ದೊಡ್ಡ ಟ್ಯಾಂಕಿನ ಬಾಯಿಯ ಮೇಲೆ, ನಟ್ಟನಡುವೆ, ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಸೇರಿಸಿದ ನಾಲ್ಕು ಬೆರಳಗಲದ ಗಾಜಿನ ಪಟ್ಟಿ ಇರುತ್ತದೆ. ಮೀನಿಗೆ ಅದರಿಂದ ಉಪಯೋಗವಿಲ್ಲ, ನೋಡುವವರಿಗೆ ಅಡ್ಡಿ. ಕೈ ಹಾಕಿ ತೊಳೆಯುವಾಗ ಮೊಣಕೈಗೆ ಬಡಿಯುತ್ತದೆ. ಹೊಸ ಲೈಟಿನ ಮುಚ್ಚಳ ತಂದರೆ ಅದು ಕೂರುವುದಿಲ್ಲ. ಹೀಗಾಗಿ ಟ್ಯಾಂಕಿಟ್ಟವರ ಕಣ್ಣು ಮೊದಲು ಬೀಳುವುದೇ ಆ ಪಟ್ಟಿಯ ಮೇಲೆ. ಫೋನಿನಲ್ಲಿ ವಿಡಿಯೋ ನೋಡಿ ಬ್ಲೇಡು ಹಾಕಿ ಕಿತ್ತವರಿದ್ದಾರೆ. ಅಲ್ಯುಮಿನಿಯಂ ಚೌಕಟ್ಟಿನ ಸ್ಕ್ರೂ ಬಿಚ್ಚಿ ಬಣ್ಣ ಹಚ್ಚಲು ಒಯ್ದವರಿದ್ದಾರೆ. ನನ್ನಂತಹ ಸ್ಕ್ರೂಡ್ರೈವರ್ ಶೂರರಂತೂ ಇದ್ದೇ ಇದ್ದಾರೆ.

"ನಾಕಡಿ ಟ್ಯಾಂಕಿನ್ಯಾಗ ಎರಡೂವರಿ ಕ್ವಿಂಟಲ್ ನೀರು ಹಿಡೀತೈತ್ರಿ. ಎರಡೂವರಿ ಕ್ವಿಂಟಲ್ ಗೋವಿನಜೋಳ ಮನ್ಯಾಗ ಇಟ್ರ ಅದು ನೆಲದ ಮ್ಯಾಲಷ್ಟ ಭಾರ ಹಾಕ್ತೈತಿ. ನೀರು ಹಂಗಲ್ಲ. ಅದು ಬಾಜೂಕ ದಬ್ಬತೈತಿ. ಹಗಲೂ ರಾತ್ರಿ ದಬ್ಬೂದ ಅದರ ಕೆಲಸ. ಆ ಎರಡು ಗಾಜಿನ ಕೈ ಹಿಡಕೊಂಡು ನಿಂತಿದ್ದ ಆ ಪಟ್ಟಿ. ಅದನ್ನ ತಗದ್ರ ಅವತ್ತ ಏನೂ ಆಗಂಗಿಲ್ರಿ. ಅದ ಭಾಳ ಕೆಟ್ಟದ್ದು. ಅವತ್ತ ಒಡದ್ರ ಮಂದಿಗೆ ಬುದ್ಧಿ ಬರ್ತಿತ್ತು."

ತುಂಬಿದ ಕೊಡ ತುಳುಕುವುದಿಲ್ಲ ಎಂದ ನಮ್ಮ ಹಿರಿಯರು ಮೀನಿನ ಟ್ಯಾಂಕು ನೋಡಿದವರಲ್ಲ. ನೋಡಿದ್ದರೆ ಆ ಗಾದೆಗೆ ಇನ್ನೊಂದು ಸಾಲು ಸೇರಿಸುತ್ತಿದ್ದರೇನೋ.

ಇಷ್ಟು ತಿಳಿದ ಜುಲೇಖಾಬಿಯವರೇ ಒಮ್ಮೆ, ಒಂದೇ ಒಂದು ಸಲ, ತಮ್ಮ ಕೈಯಿಂದ ಅಡ್ಡಪಟ್ಟಿ ತೆಗೆದಿದ್ದಾರೆ. ಈ ಸಂಗತಿ ನನಗೆ ಗೊತ್ತಾದದ್ದು ಕಳೆದ ತಿಂಗಳು. "ನಿಮ್ಮ ಬಗ್ಗೆ ಪುರವಣಿಗೆ ಬರೀತೀನಿ, ಮೂವತ್ತೊಂದು ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂತ ಬರೀಲಾ?" ಎಂದು ಹಗುರಾಗಿ ಕೇಳಿದ್ದೆ. ಅವರು ಕಟ್ಟರ್ ಕೆಳಗಿಟ್ಟರು.

"ಹಂಗ ಬರೀಬ್ಯಾಡ್ರಿ. ದುಮ್ಮವಾಡದಾಗ ಒಂದು ಟ್ಯಾಂಕ್ ಐತ್ರಿ," ಎಂದರು ಜುಲೇಖಾಬಿ.

ಮೂರು ವರ್ಷದ ಹಿಂದಿನ ಮಾತು. ದುಮ್ಮವಾಡದ ಈರಬಸಪ್ಪನವರು ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತರಾದವರು. ರಕ್ತದೊತ್ತಡ ತೋರಿಸಲು ಹುಬ್ಬಳ್ಳಿಯ ಡಾಕ್ಟರರ ಬಳಿ ಹೋದಾಗ ಅಲ್ಲಿ ಕಾಯುವ ಕೋಣೆಯಲ್ಲಿ ಮೀನು ನೋಡುತ್ತ ಒಂದು ತಾಸು ಕೂತರು. ಒಳಗೆ ಹೋದಾಗ ಬಿ.ಪಿ. ಇಳಿದಿತ್ತಂತೆ. ಡಾಕ್ಟರರು ಕೊಟ್ಟ ಗುಳಿಗೆಗಿಂತ ಮೀನಿನ ಮೇಲೆ ಅವರಿಗೆ ನಂಬಿಕೆ ಬಂತು. ಮಡಿವಂತ ಲಿಂಗಾಯತರ ಮನೆಯ ಪಡಸಾಲೆಗೆ ಮೀನು ಬರುತ್ತದೆಂದರೆ ಊರು ಸುಮ್ಮನಿದ್ದೀತೇ? "ತಿನ್ನಾಕಲ್ಲೋ ಮಾರಾಯಾ, ನೋಡಾಕ," ಎಂದು ಅವರು ಆರು ತಿಂಗಳು ಎಲ್ಲರಿಗೂ ಹೇಳಬೇಕಾಯಿತು.

ಟ್ಯಾಂಕು ತಯಾರಾಯಿತು. ಆದರೆ ಈರಬಸಪ್ಪನವರ ಹೆಂಡತಿ ಮಹಾದೇವಕ್ಕನವರಿಗೆ ಬರೀ ಗಾಜು ಬೋಳಾಗಿ ಕಂಡಿತು. ಕಲಘಟಗಿ ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಅರಗಿನ ಬಣ್ಣದಲ್ಲಿ ಗಿಳಿ, ಆನೆ, ಹೂಬಳ್ಳಿ ಬರೆದು ಹೊಳಪು ಕೊಟ್ಟ ತೊಟ್ಟಿಲನ್ನು ಮಗಳ ಬಾಣಂತನಕ್ಕೆ ತವರಿನವರು ಕೊಡುತ್ತಾರೆ, ಅದು ಮೂರು ತಲೆಮಾರು ಬಾಳುತ್ತದೆ. ಅಂಥ ತೊಟ್ಟಿಲು ಮಾಡುವ ಏಕನಾಥ ಅವರ ಬಳಿ ಟ್ಯಾಂಕಿನ ಬಾಯಿಗೆ ಅದೇ ಬಣ್ಣದ ಮರದ ಚೌಕಟ್ಟು, ಮುಚ್ಚಳ ಮಾಡಿಸಬೇಕೆಂದು ಮಹಾದೇವಕ್ಕ ಹಟ ಹಿಡಿದರು. ಚೌಕಟ್ಟು ಬಂತು. ಅಡ್ಡಪಟ್ಟಿ ಅಡ್ಡ ಬಂತು.

"ಪಟ್ಟಿ ತಗೀರಿ ಜುಲೇಖಾಬಿ, ನನ್ನ ಕೀಲು ಹಿಡೀತೈತಿ ಅಂದ ಏಕನಾಥ. ಅವನ ಕೀಲಿನ ಮ್ಯಾಲ ನನಗೂ ಭರವಸಾ ಇತ್ರಿ. ಅವನ ತೊಟ್ಟಿಲದಾಗ ಅಜ್ಜಿ, ಮೊಮ್ಮಗ ಇಬ್ರೂ ಕುಂತ್ರೂ ಒಂದು ಮೊಳಿ ಕದಲಂಗಿಲ್ಲ. ಮೊಳೀನ ಇರಂಗಿಲ್ಲ ಅದರಾಗ, ಬರೇ ಕಟಗೀ ಕೀಲು. ನಾನ ಪಟ್ಟಿ ಕೊಯ್ದೆ. ತೊಟ್ಟಿಲದ ಕೂಸು ಕೆಳಗ ಭಾರ ಹಾಕ್ತೈತಿ, ನೀರು ಬಾಜೂಕ ದಬ್ಬತೈತಿ ಅನ್ನೂದು ಆ ಹೊತ್ತಿಗೆ ನನ್ನ ತಲ್ಯಾಗ ಬರಲಿಲ್ರಿ. ಚಂದ ಕಂಡ್ತು. ಚಂದಕ್ಕ ಸೋತೆ."

ಆ ಟ್ಯಾಂಕು ನೋಡಿದವರೊಬ್ಬರು ತಮಗೂ ಅಂಥದೇ ಬೇಕೆಂದರು. ಮೂರು ತಿಂಗಳಲ್ಲಿ ಎರಡನೆಯದು ತಯಾರಾಯಿತು. ಮರದ ಚೌಕಟ್ಟು ಕೂರಿಸಿ, ನೀರು ತುಂಬಿ, ಎರಡು ದಿನ ಕಾಯಲು ಅಂಗಡಿಯಲ್ಲಿಟ್ಟಿದ್ದರು. ಶುಕ್ರವಾರ ಮಧ್ಯಾಹ್ನ ಇಲಿಯಾಸ್ ಸಾಹೇಬರು ನಮಾಜಿಗೆ ಹೋಗಿದ್ದರು, ಜುಲೇಖಾಬಿ ಅಡುಗೆಗೆಂದು ಮನೆಗೆ ಹೋಗಿದ್ದರು. ಮರಳಿ ಬಂದಾಗ ಅಂಗಡಿಯ ನೀರು ಓಣಿಯಲ್ಲಿ ಹರಿಯುತ್ತಿತ್ತು. ಮುಂದಿನ ಗಾಜು ನಡುವೆ ಸಿಡಿದಿತ್ತು. ಅಂಗೈಯಗಲದ ಒಂದು ಚೂರು ಇಲಿಯಾಸ್ ಸಾಹೇಬರು ದಿನಾ ಕೂರುವ ಸ್ಟೂಲಿನ ಮೆತ್ತೆಯಲ್ಲಿ ನೆಟ್ಟಗೆ ನಾಟಿಕೊಂಡಿತ್ತು.

ಇದನ್ನು ಹೇಳುವಾಗ ಜುಲೇಖಾಬಿ ಗಂಡನ ಕಡೆ ನೋಡಲಿಲ್ಲ. ಇಲಿಯಾಸ್ ಸಾಹೇಬರೂ ತಮ್ಮ ಕೈ ನೋಡುತ್ತ ಕೂತಿದ್ದರು.

ಎರಡನೆಯ ಗಿರಾಕಿಗೆ ಅಡ್ಡಪಟ್ಟಿಯುಳ್ಳ ಹೊಸ ಟ್ಯಾಂಕು ಕಟ್ಟಿಕೊಟ್ಟರು. ಏಕನಾಥ ಕೂಡ ತಪ್ಪು ಒಪ್ಪಿಕೊಂಡು, ಗಾಜು ಕೊಯ್ಯುವ ಬದಲು ಮರದಲ್ಲೇ ಕಚ್ಚು ಕೊರೆದು ಪಟ್ಟಿ ಕೂರುವಷ್ಟು ಜಾಗ ಮಾಡಿದರು. ಅಷ್ಟು ಸುಲಭದ ಕೆಲಸ. ಉಳಿದದ್ದು ದುಮ್ಮವಾಡದ್ದು. ಗಾಜು ಸಿಡಿದ ಮರುದಿನವೇ ಜುಲೇಖಾಬಿ ದುಮ್ಮವಾಡದ ಬಸ್ಸು ಹತ್ತಿದ್ದರು. ಈರಬಸಪ್ಪನವರ ಪಡಸಾಲೆಯಲ್ಲಿ ಬೀಗರು ಕೂತಿದ್ದರು. ಇವರನ್ನು ಕಂಡದ್ದೇ ಈರಬಸಪ್ಪ "ಬರ್ರಿ ಬರ್ರಿ, ಇವರ ನೋಡ್ರಿ ಇದನ್ನ ಕಟ್ಟಿದವರು. ನೂರು ವರ್ಷ ಅಳ್ಳಾಡಂಗಿಲ್ಲ ಇದು" ಎಂದು ಎಲ್ಲರೆದುರು ಹೊಗಳಿದರು. ಬಾಯಿಗೆ ಬಂದ ಮಾತನ್ನು ಇವರು ನುಂಗಿಕೊಂಡರು. "ಜತನಕ್ಕ ಒಂದು ಪಟ್ಟಿ ಹಾಕೂಣೇನ್ರಿ" ಎಂದಷ್ಟೇ ಕೇಳಿದರು. "ಗಟ್ಟಿ ಐತಲ್ರಿ, ಯಾಕ ಸುಮ್ಮನ" ಎಂದರು ಅವರು. ಮಹಾದೇವಕ್ಕನಿಗಂತೂ ಇವರು ಹೊಸ ಕೆಲಸ ಹುಡುಕಿಕೊಂಡು ಬಂದಂತೆ ಕಂಡಿತು.

ಆಮೇಲೆ ಎರಡು ಸಲ ಹೋಗಿದ್ದಾರೆ. ಮೀನು ನೋಡುವ ನೆವದಲ್ಲಿ ಗುಂಡಿ ಹಾಕಿ ನೋಡಿದ್ದಾರೆ. ಮೊದಲ ಸಲ ಸಲೀಸಾಗಿ ಹೋಯಿತು, ಎರಡನೆಯ ಸಲ ದಾರಕ್ಕೆ ತಿಕ್ಕಿ ಹೋಯಿತು. ಮರ ನೀರು ಕುಡಿದು ಉಬ್ಬಿ, ಬಿಸಿಲಿಗೆ ಒಣಗಿ, ಮತ್ತೆ ಉಬ್ಬಿ ಕೀಲು ಸಡಿಲಾಗುತ್ತಿದೆ ಎಂದು ಅವರಿಗೆ ತಿಳಿಯಿತು. ಆದರೂ "ಪಟ್ಟಿ ಕೊಯ್ದದ್ದು ನನ್ನ ತಪ್ಪು" ಎಂಬ ಒಂದು ಮಾತು ಅವರ ಬಾಯಿಂದ ಹೊರಬೀಳಲಿಲ್ಲ. ಅದೊಂದನ್ನು ಹೇಳಿದ್ದರೆ ಈರಬಸಪ್ಪ ಅಂದೇ ಒಪ್ಪುತ್ತಿದ್ದರು.

"ಹೆಸರಿನ ಮ್ಯಾಲ ನಡದ ಅಂಗಡಿರಿ ಇದು. ಜುಲೇಖಾಬಿ ತಪ್ಪು ಮಾಡ್ಯಾಳ ಅಂತ ಒಂದು ಊರಾಗ ಸುದ್ದಿ ಆದ್ರ ಹತ್ತೂರಾಗ ಆಗತೈತಿ. ಹೆಣಮಗಳು, ಎಷ್ಟಂದ್ರೂ, ಅಂತಾರ. ಅದಕ್ಕ ಅಂಜಿದೆ. ಈಗ ಅದಕ್ಕಿಂತ ದೊಡ್ಡ ಅಂಜಿಕಿ ಬಂದೈತಿ."

ಆ ದೊಡ್ಡ ಅಂಜಿಕೆ ಹನ್ನೊಂದು ದಿನದ ಒಂದು ಹೆಣ್ಣುಕೂಸು. ಈರಬಸಪ್ಪನವರ ಮಗಳು ಐಶ್ವರ್ಯ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬರುವ ಗುರುವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯವಿತ್ತು. ಏಕನಾಥ ಅವರಿಗೆ ತೊಟ್ಟಿಲು ಹೇಳಿದ್ದರಿಂದ ಸುದ್ದಿ ಜುಲೇಖಾಬಿಯ ಕಿವಿಗೂ ಬಿತ್ತು. ತೊಟ್ಟಿಲು ತೂಗುಹಾಕುವ ಕೊಂಡಿ ಪಡಸಾಲೆಯ ತೊಲೆಯಲ್ಲಿದೆ. ಆ ಕೊಂಡಿಯಿಂದ ಟ್ಯಾಂಕಿಗೆ ಮೂರೇ ಮೊಳ. ಕಾರ್ಯದ ದಿನ ಅಲ್ಲಿ ಓಣಿಯ ಹೆಂಗಸರು, ಮಕ್ಕಳು ನೆಲದ ಮೇಲೆ ಒತ್ತೊತ್ತಾಗಿ ಕೂರುತ್ತಾರೆ.

"ಸೋಮವಾರ ಹೋಗಾಕತ್ತೇನಿ. ನೀವೂ ಬರ್ರಿ ಸರ್. ನೀವು ಬಾಜೂಕಿದ್ರ ನನಗ ಬಾಯಿ ಮುಚ್ಚಿಕೊಂಡು ಹೊಳ್ಳಿ ಬರಾಕ ಆಗಂಗಿಲ್ಲ."

ಸೋಮವಾರ ಬೆಳಗಿನ ಬಸ್ಸಿನಲ್ಲಿ ನಾವಿಬ್ಬರೂ ದುಮ್ಮವಾಡಕ್ಕೆ ಹೊರಟೆವು. ಅವರ ಮಡಿಲಲ್ಲಿ ಚೀಲ, ಚೀಲದಲ್ಲಿ ದಾರ, ಗುಂಡಿ, ನೀರೆಳೆಯುವ ಪ್ಲಾಸ್ಟಿಕ್ ಪೈಪು. ನಾನೋ ಪರೀಕ್ಷೆಗೆ ಹೊರಟ ಮಗುವಿನ ಜೊತೆ ಹೋಗುವ ತಂದೆಯಂತೆ ಕೂತಿದ್ದೆ. ನಾನು ಹೊರಟದ್ದು ಒಳ್ಳೆಯ ಬರಹ ಸಿಗುತ್ತದೆಂಬ ಆಸೆಯಿಂದಲೋ ಅವರ ಮೇಲಿನ ಪ್ರೀತಿಯಿಂದಲೋ ಎಂದು ಕೇಳಿಕೊಂಡೆ. ಎರಡೂ ಇತ್ತು, ಸುಳ್ಳೇಕೆ ಹೇಳಲಿ.

ಪಡಸಾಲೆ ಸುಣ್ಣ ಕಂಡು ಬೆಳ್ಳಗಾಗಿದೆ. ಹೊಸ ತೊಟ್ಟಿಲು ಇನ್ನೂ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿದೆ. ಟ್ಯಾಂಕು ಮಾತ್ರ ನಿಜಕ್ಕೂ ಚಂದ. ಕೆಂಪು, ಹಳದಿ ಬಣ್ಣದ ಚೌಕಟ್ಟಿನ ಮೇಲೆ ಸಾಲು ಗಿಳಿಗಳು, ಅದರ ಕೆಳಗೆ ಓಡಾಡುವ ಬಂಗಾರದ ಮೀನು. ಟ್ಯಾಂಕಿನ ಕೆಳಗೆ ಗೋಡೆಗೆ ಕರೆಂಟಿನ ಬೋರ್ಡು. ಅದನ್ನು ನೋಡಿದಾಗ ಗಾಜು ಒಡೆಯುವುದೊಂದೇ ಅಪಾಯವಲ್ಲ ಎಂದು ನನಗೂ ಹೊಳೆಯಿತು. ಒಳಕೋಣೆಯಿಂದ ಕೂಸು ಅಳುವುದು ಕೇಳಿಸುತ್ತಿತ್ತು. ಮಹಾದೇವಕ್ಕ ಚಹಾ ತಂದರು. "ಕೂಸು ತೊಟ್ಟಿಲದಾಗ ಮಕ್ಕೊಂಡು ಮೀನ ನೋಡ್ಲಿ ಅಂತ ನನ್ನಾಸೆರಿ," ಎಂದು ನನಗೆ ಹೇಳಿದರು.

ಜುಲೇಖಾಬಿ ಚಹಾ ಮುಟ್ಟಲಿಲ್ಲ. ಗುಂಡಿ ಅಂಟಿಸಿ ದಾರ ಎಳೆದರು. ಮೂರನೆಯ ಗುಂಡಿಯನ್ನು ನಡುವೆ ತಂದರು. ಗುಂಡಿ ಒಳಗೇ ಹೋಗಲಿಲ್ಲ. ಅವರು ಅದನ್ನು ಈರಬಸಪ್ಪನವರ ಕೈಗೆ ಕೊಟ್ಟು "ನೀವ ನೋಡ್ರಿ" ಎಂದರು. ಈರಬಸಪ್ಪ ಎರಡು ಸಲ ಪ್ರಯತ್ನಿಸಿದರು. ಗುಂಡಿ ದಾರವನ್ನೇ ಹೊರಕ್ಕೆ ದಬ್ಬುತ್ತಿತ್ತು.

"ಮೂರು ವರ್ಷ ಆತಲ್ರಿ, ಏನೂ ಆಗಿಲ್ಲ," ಎಂದರು ಅವರು, ಸ್ವಲ್ಪ ಸಿಟ್ಟಿನಿಂದಲೇ. "ನೂರು ವರ್ಷ ಅಳ್ಳಾಡಂಗಿಲ್ಲ ಅಂತ ಮಂದಿಗೆ ಹೇಳೇನಿ ನಾನು."

"ನೀವು ಹೇಳಿದ್ದು ಖರೆ ಆಗ್ತಿತ್ರಿ, ನಾ ಪಟ್ಟಿ ಕೊಯ್ಯದಿದ್ರ," ಎಂದರು ಜುಲೇಖಾಬಿ. "ಇದು ನನ್ನ ತಪ್ಪು ಅಣ್ಣಾರ. ಏಕನಾಥಂದಲ್ಲ, ಅಕ್ಕಾರದೂ ಅಲ್ಲ. ಅವರು ಚಂದ ಕೇಳಿದ್ರು. ಆಗಂಗಿಲ್ಲ ಅನ್ನೂದು ನನ್ನ ಕೆಲಸ ಆಗಿತ್ತು. ಇಂಥಾದ ಇನ್ನೊಂದು ನನ್ನ ಅಂಗಡ್ಯಾಗ ಒಡದು, ಗಾಜಿನ ಚೂರು ನಮ್ಮ ಮನೆಯವರು ಕುಂದ್ರೂ ಜಾಗಾದಾಗ ನೆಟ್ಟಿತ್ತು. ಅವತ್ತಿಂದ ಗೊತ್ತಿತ್ತು ನನಗ. ಹೇಳಲಿಲ್ಲ. ಹೆಸರು ಹೋಗ್ತೈತಿ ಅಂತ ಅಂಜಿ ನಿಮ್ಮ ಮನೀನ ಅಂಜಿಕ್ಯಾಗ ಇಟ್ಟೆ."

ಕೂಸನ್ನು ಎತ್ತಿಕೊಂಡು ಐಶ್ವರ್ಯ ಬಾಗಿಲಿಗೆ ಬಂದು ನಿಂತಿದ್ದಳು. ತಾಯಿಯ ಮುಖ ನೋಡಿ ಮತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ಈರಬಸಪ್ಪ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಬೈಯುತ್ತಾರೆ ಎಂದೇ ನಾನು ತಿಳಿದಿದ್ದೆ. ಬೈಯುವ ಹಕ್ಕೂ ಅವರಿಗಿತ್ತು.

"ಮೂರು ವರ್ಷ ನಾ ಇದರ ಮುಂದ ಕುಂತು ಬಿ.ಪಿ. ಇಳಿಸ್ಕೊಂಡೆ," ಎಂದರು ಕೊನೆಗೆ. "ನೀವು ಅಲ್ಲಿ ಕುಂತು ಏರಿಸ್ಕೊಂಡ್ರಿ. ಮೊದಲ ಹೇಳಬಾರದೇನ್ರಿ ತಂಗಿ?"

ಜುಲೇಖಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಮಹಾದೇವಕ್ಕ ಇನ್ನೂ ಒಪ್ಪಿರಲಿಲ್ಲ. ಟ್ಯಾಂಕು ಖಾಲಿ ಮಾಡಿ, ಒಣಗಿಸಿ, ಪಟ್ಟಿ ಅಂಟಿಸಿ, ಮತ್ತೆ ನೀರು ತುಂಬಲು ಒಂದು ವಾರ ಬೇಕು. ಕಾರ್ಯಕ್ಕೆ ಉಳಿದದ್ದು ಮೂರು ದಿನ. "ಕೂಸಿನ ಹೆಸರಿಡೂ ದಿನ ಪಡಸಾಲ್ಯಾಗ ಇಷ್ಟು ದೊಡ್ಡ ಭಾಂಡೆ ಬರಿದ ಇಡೂದು? ಶುಭಕಾರ್ಯಕ್ಕ ಬರೇ ಕೊಡ ಎದುರಾಗಬಾರದು ಅಂತಾರ. ನಾ ಒಲ್ಲೆ," ಎಂದು ಕೂತುಬಿಟ್ಟರು. ಹೊರಗೆ ಒಯ್ಯೋಣವೆಂದರೆ ಕೀಲು ಬಿಟ್ಟ ಟ್ಯಾಂಕನ್ನು ನೀರಿದ್ದಾಗ ಅಲುಗಿಸುವಂತಿಲ್ಲ, ನೀರು ತೆಗೆದರೆ ಮತ್ತೆ ಅದೇ ಬರಿದು.

"ಬರಿದು ಮಾಡೂದು ಬ್ಯಾಡ್ರಿ ಅಕ್ಕಾರ," ಎಂದರು ಜುಲೇಖಾಬಿ. "ಅರ್ಧ ಇಡೂಣು. ಅರ್ಧ ತುಂಬಿದ ಕೊಡಕ್ಕ ಬರಿದು ಅನ್ನಂಗಿಲ್ಲಲ್ರಿ? ನೀರು ಅರ್ಧಕ್ಕಿಳಿಸಿದ್ರ ಗಾಜಿನ ಮ್ಯಾಲ ದಬ್ಬೂದು ಕಾಲು ಭಾಗಕ್ಕಿಳೀತೈತಿ. ಮೀನೂ ಇರ್ತಾವ, ಬಂದ ಮಂದಿಗೂ ಕಾಣ್ತಾವ. ಕಾರ್ಯ ಮುಗದ ಮರುದಿನ ನಾ ಬಂದು ಪಟ್ಟಿ ಹಾಕ್ತೇನಿ. ಅಲ್ಲೀತನ ತೊಟ್ಟಿಲಾ ಒಳಕೋಣ್ಯಾಗ ಕಟ್ರಿ."

ಮಹಾದೇವಕ್ಕ ಒಂದು ಕ್ಷಣ ಲೆಕ್ಕ ಹಾಕಿದರು. "ಅರ್ಧ ಅಂದ್ರ ಅರ್ಧ. ಒಂದು ಬೆರಳು ಕಡಿಮಿ ಆಗಬಾರದು," ಎಂದರು. "ತೊಟ್ಟಿಲಾ ಒಳಗ ಕಟ್ಟೂಣು, ಮಂದೀನೂ ಒಳಗ ಕುಂದ್ರಲಿ."

ನೀರೆಳೆಯಲು ಪೈಪು ಹಿಡಿದವರು ಈರಬಸಪ್ಪನವರೇ. ಮೊದಲು ಬೋರ್ಡಿನ ಸ್ವಿಚ್ಚು ಆರಿಸಿದರು. ಬಕೆಟ್ಟು ಬಕೆಟ್ಟಾಗಿ ನೀರು ಹಿತ್ತಲಿನ ದಾಸವಾಳಕ್ಕೆ, ತುಳಸಿಗೆ ಹೋಯಿತು. ಆರನೆಯ ಬಕೆಟ್ಟು ತುಂಬಿದಾಗ ಜುಲೇಖಾಬಿ ಮತ್ತೆ ದಾರ ಕಟ್ಟಿ ಗುಂಡಿ ತೂರಿಸಿದರು. ತಿಕ್ಕಿಕೊಂಡಾದರೂ ದಾಟಿತು. ಆಗ ಅವರು ತಣ್ಣಗಾದ ಚಹಾ ಕುಡಿದರು.

ಗುರುವಾರದ ಕಾರ್ಯ ಚೆನ್ನಾಗಿ ಆಯಿತಂತೆ. ಶುಕ್ರವಾರ ಏಕನಾಥ ಕೂಡ ಬಂದು ಮರದ ಚೌಕಟ್ಟು ಬಿಚ್ಚಿದರು. ಒಳಗಿನ ಕೀಲು ಎರಡು ಕಡೆ ಬೆರಳು ಹೋಗುವಷ್ಟು ತೆರೆದಿತ್ತು. ಮೀನು ಹಾಕಲು ಮಹಾದೇವಕ್ಕ ಅಟ್ಟದಿಂದ ಬೆಳಗಿದ ತಾಮ್ರದ ಹಂಡೆ ಇಳಿಸಿದರು. ತಾಮ್ರಕ್ಕೆ ಮೀನು ಸಾಯುತ್ತವೆಂದು ಹೇಳಿ ಜುಲೇಖಾಬಿ ಪ್ಲಾಸ್ಟಿಕ್ ಬುಟ್ಟಿ ತರಿಸಿದರು. ಪಟ್ಟಿ ಅಂಟಿತು, ಒಣಗಿತು, ನೀರು ತುಂಬಿತು. ಏಕನಾಥ ಗಿಳಿಗಳ ಸಾಲಿನ ನಡುವೆ ಪಟ್ಟಿಗೆ ದಾರಿ ಮಾಡಿ ಚೌಕಟ್ಟು ಮರಳಿ ಕೂರಿಸಿದರು. ಒಂದು ಗಿಳಿಯ ಬಾಲ ಹೋಗಿದೆ. ಮಹಾದೇವಕ್ಕ ಅದನ್ನು ಇನ್ನೂ ಕ್ಷಮಿಸಿಲ್ಲ.

ಸುದ್ದಿ ಹರಡುತ್ತದೆ ಎಂದು ಜುಲೇಖಾಬಿ ಅಂಜಿದ್ದು ಸುಳ್ಳೇನೂ ಆಗಲಿಲ್ಲ. ಈರಬಸಪ್ಪ ಬಾಯಿ ಬಿಗಿಹಿಡಿಯುವವರಲ್ಲ. ಈ ಎರಡು ವಾರದಲ್ಲಿ ಹೊಸ ಟ್ಯಾಂಕು ಹೇಳಿದ್ದ ಒಬ್ಬರು ಬೇಡ ಎಂದು ಫೋನು ಮಾಡಿದ್ದಾರೆ. ಇನ್ನಿಬ್ಬರು ತಮ್ಮ ಟ್ಯಾಂಕಿನ ಪಟ್ಟಿ ತಾವೇ ಕಿತ್ತಿದ್ದೆವೆಂದು ಒಪ್ಪಿಕೊಂಡು, ಬಂದು ನೋಡಿ ಎಂದು ಕೇಳಿದ್ದಾರೆ.

ಈ ಬರಹ ಕಳಿಸುವ ಮುನ್ನ ಅಂಗಡಿಗೆ ಹೋಗಿ ಪೂರ್ತಿ ಓದಿ ಹೇಳಿದೆ. ದುಮ್ಮವಾಡದ ಭಾಗ ಬಂದಾಗ ನಿಲ್ಲಿಸಿ, ಬೇಕಾದರೆ ಇಷ್ಟನ್ನು ಬಿಡುತ್ತೇನೆ, ಉಳಿದದ್ದೇ ಸಾಕು ಎಂದೆ. ಇಲಿಯಾಸ್ ಸಾಹೇಬರು ಹೆಂಡತಿಯ ಮುಖ ನೋಡಿದರು. ಜುಲೇಖಾಬಿ ಅಂಟು ಮೆತ್ತಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

"ಅದನ್ನ ಬಿಟ್ರ ಉಳದಿದ್ದು ಯಾಕ ಬೇಕ್ರಿ ಸರ್? ನನ್ನ ಹೊಗಳಿ ಬರದದ್ದನ್ನ ಮಂದಿ ಓದಿ, ಪೇಪರ್ ಮಡಚಿ ಇಡ್ತಾರ. ಇದನ್ನ ಓದಿದ್ರ ಯಾರರ ಒಬ್ರು ಎದ್ದು ಹೋಗಿ ತಮ್ಮ ಟ್ಯಾಂಕಿನ ಮ್ಯಾಲ ಪಟ್ಟಿ ಐತೋ ಇಲ್ಲೋ ನೋಡ್ತಾರ. ನನ್ನ ಹೆಸರು ಸಣ್ಣ ಅಕ್ಷರದಾಗ ಹಾಕ್ರಿ, ನಡೀತೈತಿ. ಪಟ್ಟಿ ತಗೀಬ್ಯಾಡ್ರಿ ಅನ್ನೂದನ್ನ ಮಾತ್ರ ಅಗದಿ ದಪ್ಪ ಅಕ್ಷರದಾಗ ಹಾಕ್ರಿ."